ತಂಬಾಕಿನ ಲೆಕ್ಕದಲ್ಲಿ ಒಣದ್ರಾಕ್ಷಿ

ಮೊನ್ನೆ ಕಾಗವಾಡದ ಕಡೆ ಹೋಗಿದ್ದೆ. ಮಾರ್ಚ್ ತಿಂಗಳ ಮಧ್ಯಾಹ್ನ. ಕಾರಿನ ಏಸಿ ಹಾಕಿದರೆ ಇಂಜಿನ್ನಿಗೆ ಭಾರವಾದೀತೆಂಬ ಅಂಜಿಕೆ ನನಗೆ ಮೊದಲಿನಿಂದಲೂ ಇದೆ, ಹಾಗಾಗಿ ಗಾಜು ಇಳಿಸಿಕೊಂಡೇ ಓಡಿಸುತ್ತೇನೆ. ಊರು ಇನ್ನೂ ಒಂದೆರಡು ಕಿಲೋಮೀಟರ್ ಇರುವಾಗಲೇ ಆ ವಾಸನೆ ಒಳಗೆ ಬಂತು. ಒಣಗುತ್ತಿರುವ ದ್ರಾಕ್ಷಿಯ ಸಿಹಿ, ಅದರ ಬೆನ್ನಿಗೇ ಗಂಟಲು ಕೆರೆಯುವ ಗಂಧಕದ ಹೊಗೆ. ರಸ್ತೆಯ ಎರಡೂ ಕಡೆ ಒಣಗಿಸುವ ಶೆಡ್ಡುಗಳು, ಒಂದರ ಮೇಲೊಂದು ಸಾಲುಸಾಲು ಬಲೆ, ಬಲೆಯ ಮೇಲೆ ಹಸಿರಿನಿಂದ ಹೊನ್ನಿನ ಬಣ್ಣಕ್ಕೆ ತಿರುಗುತ್ತಿರುವ ಮಣೂಕ. ನಮ್ಮ ಕಡೆ ಒಣದ್ರಾಕ್ಷಿಗೆ ಹಾಗೇ ಅನ್ನುತ್ತಾರೆ. ಉಳಿದವರಿಗೆ ಆ ವಾಸನೆಯಿಂದ ಪಾಯಸ ನೆನಪಾಗಬಹುದು. ನನಗೆ ಮೊದಲು ಬ್ರೇಕು ಒತ್ತಬೇಕು ಅನಿಸುತ್ತದೆ. ಆಮೇಲೆ, ನಿಧಾನಕ್ಕೆ, ಯಾರ್ಯಾರಿಗೋ ಕೈ ಮುಗಿಯಬೇಕು ಅನಿಸುತ್ತದೆ. ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ ಅದಕ್ಕೆ ಕಾರಣ.

ನಾನು ಚಿಕ್ಕೋಡಿಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಕಟ್ಟಡ ಹೇಗೆ ಕಾಣಬೇಕು ಅಂತ ಬೇರೆಯವರು ಹೇಳುತ್ತಾರೆ. ಅದು ಬೀಳದೆ ನಿಲ್ಲಬೇಕಾದರೆ ಎಲ್ಲಿ ಎಷ್ಟು ಕಬ್ಬಿಣ, ಎಷ್ಟು ಕಾಂಕ್ರೀಟು ಅಂತ ನಾನು ಹೇಳುತ್ತೇನೆ. ಬೀಳುವುದರ ಬಗ್ಗೆಯೇ ದಿನವಿಡೀ ಯೋಚಿಸಿದರೆ ಜನ ಫೀ ಕೊಡುವ ಇನ್ನೊಂದು ಕಸುಬು ನನಗೆ ಗೊತ್ತಿಲ್ಲ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ರಾಯಬಾಗಕ್ಕೆ ಕನ್ಯೆ ನೋಡಲು ಹೋದಾಗ ನಾನು ಕನ್ಯೆಯನ್ನು ಬಿಟ್ಟು ಅವರ ನಡುಮನೆಯ ತೊಲೆಯ ಬಿರುಕನ್ನೇ ನೋಡುತ್ತಿದ್ದೆ. ಹುಡುಗ ಬಹಳ ನಾಚಿಕೆಯವನು ಅಂತ ಮಾವನವರು ಮೆಚ್ಚಿಕೊಂಡರು. ಇವತ್ತಿಗೂ ಮನೆಯಿಂದ ಹೊರಟವನು ಅಂಕಲಿಯ ಸೇತುವೆ ತನಕ ಹೋಗಿ, ಗ್ಯಾಸಿನ ಗುಂಡಿ ನೆನಪಾಗಿ ಹೊಳ್ಳಿ ಬಂದ ಉದಾಹರಣೆಗಳಿವೆ. ಹೆಂಡತಿ ಶೋಭಾ ಮನೆಯಲ್ಲೇ ಇರುತ್ತಾಳೆ, ಗ್ಯಾಸಿನ ಮೇಲೆ ಪಲ್ಯ ಕುದಿಯುತ್ತಿರುತ್ತದೆ, ಆ ಮಾತು ಬೇರೆ.

ಇಂಥ ನಾನು ದೇಶಮಟ್ಟದ ಸ್ಟ್ರಕ್ಚರಲ್ ಇಂಜಿನಿಯರುಗಳ ಸಂಘವೊಂದರ ಸದಸ್ಯ. ಬಹಳ ವರ್ಷದಿಂದ. ಆ ಬೇಸಿಗೆಯ ತನಕ ಸಂಘದಿಂದ ನನಗೆ ಬಂದದ್ದೆಂದರೆ ವರ್ಷಕ್ಕೊಂದು ಡೈರಿ, ಮೂರು ತಿಂಗಳಿಗೊಮ್ಮೆ ಒಂದು ಪತ್ರಿಕೆ, ಅಂಗಿಗೆ ಚುಚ್ಚುವ ಒಂದು ಪಿನ್ನು, ಮತ್ತು ಜಿಪ್ಪು ಕೆಟ್ಟ ಒಂದು ಚೀಲ. ಆ ಚೀಲದಲ್ಲಿ ಶೋಭಾ ಸಂತೆಯಿಂದ ಮೆಂತ್ಯಪಲ್ಯ ತರುತ್ತಿದ್ದಳು. "ನಿಮ್ಮ ಸಂಘ ಭಾಳ ಗಟ್ಟಿ ಐತ್ರಿ, ಐದು ಕಿಲೋ ತಡೀತೈತಿ," ಅನ್ನುತ್ತಿದ್ದಳು. ಚಿಕ್ಕೋಡಿಯಿಂದ ಅಥಣಿಯವರೆಗೆ ಹುಡುಕಿದರೂ ನನಗೆ ಇನ್ನೊಬ್ಬ ಸದಸ್ಯ ಸಿಕ್ಕಿರಲಿಲ್ಲ. ಅಧ್ಯಕ್ಷ, ಕಾರ್ಯದರ್ಶಿ, ಸರ್ವಸದಸ್ಯರ ಸಭೆ ಎಲ್ಲ ನಾನೇ. ಕೋರಂ ಯಾವಾಗಲೂ ಭರ್ತಿ.

ಐವತ್ತು ಸಮೀಪಿಸಿದ ಗಂಡಸಿಗೆ ಹೆಸರಿನ ಮುಂದೆ ಎರಡಕ್ಷರ ಹೆಚ್ಚಿಗೆ ಬೇಕು ಅನಿಸುತ್ತದೆ. ಸಂಘದಲ್ಲಿ ಸಾಮಾನ್ಯ ಸದಸ್ಯನಾಗಿದ್ದವನು 'ಫೆಲೋ' ಆಗಬೇಕಾದರೆ ತಾನೇ ಮಾಡಿದ ಒಂದು ಕಟ್ಟಡದ ಲೆಕ್ಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಳಿಸಬೇಕು. ಹಿರಿಯ ಸದಸ್ಯರೊಬ್ಬರು ಅದನ್ನು ಓದುತ್ತಾರೆ, ಕಟ್ಟಡ ನೋಡುತ್ತಾರೆ, ಆಮೇಲೆ ವರದಿ ಬರೆಯುತ್ತಾರೆ. ನಾನು ಆರಿಸಿಕೊಂಡದ್ದು ಕಾಗವಾಡದ ಹತ್ತಿರ ಮುರಿಗೆಪ್ಪಣ್ಣನಿಗೆ ಮಾಡಿಕೊಟ್ಟ ಮಣೂಕದ ಗೋದಾಮು. ಮುರಿಗೆಪ್ಪಣ್ಣ ದ್ರಾಕ್ಷಿ, ಕಬ್ಬು ಎರಡೂ ಬೆಳೆಯುವ ದೊಡ್ಡ ಕುಳ. ಕೆಳಗಿನ ಮಜಲಿನಲ್ಲಿ ಹೆಂಗಸರು ಕೂತು ಮಣೂಕದ ತೊಟ್ಟು ಬಿಡಿಸಿ ಆರಿಸುತ್ತಾರೆ. ಮೇಲಿನ ಮಜಲಿನಲ್ಲಿ ತುಂಬಿದ ಬಾಕ್ಸುಗಳು. ಕೆಳಗೆ, ನಡುವೆ ಒಂದೂ ಕಂಬವಿಲ್ಲದ, ಅಂಗಳದಂಥ ಅಗಲವಾದ ಜಾಗ. ಅದು ನನ್ನ ಹೆಮ್ಮೆ. ಕಟ್ಟುವಾಗ ಪ್ರತಿ ಸರಳನ್ನೂ ಮುಟ್ಟಿ ಎಣಿಸಿದ್ದೆ, ಸಿಮೆಂಟಿನ ಚೀಲದ ತಾರೀಖು ಓದಿದ್ದೆ, ಕಾಂಕ್ರೀಟಿಗೆ ನೀರುಣಿಸುವವನಿಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಬೈಸಿಕೊಂಡಿದ್ದೆ. ಫೈಲು ಕಳಿಸಿ ಆರಾಮಾಗಿ ಕೂತೆ. ನಾನು ಆರಾಮಾಗಿ ಕೂತೆ ಅಂದಾಗಲೇ ನನಗೆ ಸಂಶಯ ಬರಬೇಕಿತ್ತು.

ಏಪ್ರಿಲ್ ಮೊದಲ ವಾರ ಅಲಖನೂರಿನಲ್ಲಿ ಒಂದು ಮನೆಯ ಬುನಾದಿ ನೋಡುತ್ತ ನಿಂತಿದ್ದಾಗ ಫೋನು ಬಂತು. ಸಂಘ ನೇಮಿಸಿದ ಹಿರಿಯ ಸದಸ್ಯೆ, ಪುಣೆಯ ಇನಾಮದಾರ ಮೇಡಂ. ಅರವತ್ತೆಂಟರ ವಯಸ್ಸು, ಧ್ವನಿ ಮಾತ್ರ ಹೆಡ್‌ಮಾಸ್ತರರದು. ಮರಾಠಿಯಲ್ಲಿ ಶುರು ಮಾಡಿದವರು, ನನ್ನ ಮರಾಠಿ ಕೇಳಿ ಕನ್ನಡಕ್ಕೆ ಇಳಿದರು.

"ನಾ ಮೂಲ ಅಥಣಿಯಾಕಿನ ಅದೀನಪಾ, ಲಗ್ನಾ ಆಗಿ ಪುಣ್ಯಾಕ್ಕ ಬಂದಾಕಿ. ಕನ್ನಡದಾಗ ಮಾತಾಡು. ಹಿರೇಮಠ, ನಿನ್ನ ಫೈಲ್ ಓದೀನಿ. ಅಕ್ಷರ ಛಲೋ ಅದಾವ. ಒಂದ ಪ್ರಶ್ನೆ. ನಿಮ್ಮ ಕಡೆ ಮಣೂಕ ತಂಬಾಕಿನಷ್ಟ ಹಗುರ ಇರತಾವೇನು?"

"ಅಂದ್ರ ಮೇಡಂ?"

"ಮೊದಲನೇ ಪುಟಾ ತಗದ ನೋಡು. ಆಮ್ಯಾಲ ಫೋನ್ ಮಾಡು."

ತೆಗೆದು ನೋಡುವುದು ಬೇಕಿರಲಿಲ್ಲ. ಆ ಪುಟ ನನಗೆ ಬಾಯಿಪಾಠ. ನಾನು ಕೆಲಸ ಕಲಿತದ್ದು ನಿಪ್ಪಾಣಿಯಲ್ಲಿ, ತಂಬಾಕಿನ ಗೋದಾಮುಗಳನ್ನೇ ಮಾಡುತ್ತಿದ್ದ ಒಬ್ಬ ಹಿರಿಯರ ಆಫೀಸಿನಲ್ಲಿ. ಅಲ್ಲಿ ಎಲ್ಲ ಗೋದಾಮಿನಲ್ಲೂ ತುಂಬುವ ಸರಕು ಒಂದೇ, ಅದರ ಭಾರ ಒಂದೇ. ಆದ್ದರಿಂದ ಆ ಭಾರ ಬರೆದ ಮೊದಲ ಪುಟವನ್ನು ಕಟ್ಟುಗಟ್ಟಲೆ ಅಚ್ಚು ಹಾಕಿಸಿ ಇಟ್ಟಿದ್ದರು. ನಾವೆಲ್ಲ ಎರಡನೇ ಪುಟದಿಂದ ಲೆಕ್ಕ ಶುರು ಮಾಡುವವರು. ಮುಂದೆ ಕಂಪ್ಯೂಟರ್ ಬಂತು, ಪುಟ ಅದರೊಳಗೆ ಹೋಯಿತು. ನಾನು ಚಿಕ್ಕೋಡಿಗೆ ಬಂದೆ, ಪುಟವೂ ನನ್ನ ಸಂಗಡ ಬಂತು. ಎಷ್ಟೋ ವರ್ಷ ಎರಡನೇ ಪುಟದಿಂದ ಶುರು ಮಾಡಿದ ಕೈ, ಮುರಿಗೆಪ್ಪಣ್ಣನ ಗೋದಾಮಿಗೂ ಎರಡನೇ ಪುಟದಿಂದಲೇ ಶುರು ಮಾಡಿತ್ತು.

ಅಲಖನೂರಿನ ಕಿರಾಣಿ ಅಂಗಡಿಗೆ ಹೋದೆ. ಒಂದು ಸ್ಟೀಲಿನ ಲೋಟ ಇಸಕೊಂಡು ಅದರ ತುಂಬ ಮಣೂಕ ಹಾಕಿಸಿ ತೂಗಿಸಿದೆ. ಅದೇ ಲೋಟದ ತುಂಬ ತಂಬಾಕಿನ ಎಲೆ ತುರುಕಿಸಿ ತೂಗಿಸಿದೆ. ಅಂಗಡಿಯವನು ಎರಡು ಸಲ ತಕ್ಕಡಿ, ಮೂರು ಸಲ ನನ್ನ ಮುಖ ನೋಡಿದ.

"ಎರಡೂ ಕೂಡಿಸಿ ತಿಂತೀರೇನ್ರಿ ಸಾಹೇಬ್ರ? ಹೊಟ್ಟಿ ಕೆಡತೈತಿ."

ಮಣೂಕದ ಲೋಟ ಹೆಚ್ಚು ಕಡಿಮೆ ಎರಡರಷ್ಟು ತೂಗಿತ್ತು. ನಾನು ಕಟ್ಟಿಸಿದ ಮೇಲಿನ ಮಜಲನ್ನು ಮಣೂಕದಿಂದ ಸೂರಿನ ತನಕ ತುಂಬಿದರೆ, ಅದು ಹೊರಬೇಕಾದ ಭಾರ ನಾನು ಲೆಕ್ಕ ಹಾಕಿದ್ದರ ಎರಡರಷ್ಟಾಗುತ್ತಿತ್ತು. ಗ್ಯಾಸಿನ ಗುಂಡಿಯಿಂದ ಹಿಡಿದು ಟೈರಿನ ಗಾಳಿಯವರೆಗೆ ಎಲ್ಲದಕ್ಕೂ ಅಂಜಿದವನು ನಾನು. ಅಂಜಬೇಕಾದ ಒಂದಕ್ಕೆ ಮಾತ್ರ ಅಂಜಿರಲಿಲ್ಲ.

ಹಿಂದಿನ ಎರಡು ವರ್ಷ ಬೆಳೆ ಸಾಧಾರಣ. ಮೇಲಿನ ಮಜಲು ಎದೆಮಟ್ಟದ ತನಕವೂ ತುಂಬಿರಲಿಲ್ಲ. ಈ ವರ್ಷ ಬಳ್ಳಿ ಮುರಿಯುವಷ್ಟು ಹಣ್ಣು. ಇನ್ನು ಹದಿನೈದು ದಿನದಲ್ಲಿ ಸೂರಿನ ತನಕ ಬಾಕ್ಸು ಏರಿಸುವುದು ಅಂತ ಮುರಿಗೆಪ್ಪಣ್ಣ ಫೋನಿನಲ್ಲಿ ಖುಷಿಯಿಂದ ಹೇಳಿದ್ದ. ಕೆಳಗೆ ಆರಿಸಲು ಕೂರುವ ಹೆಂಗಸರು ಹದಿನೆಂಟು ಮಂದಿ.

ಅಲ್ಲಿಂದ ನೇರ ಕಾಗವಾಡಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ. 'ತಪ್ಪು ನನ್ನದು' ಅನ್ನುವ ಎರಡು ಶಬ್ದ ಅದರಲ್ಲಿ ಎಲ್ಲಿ ಇಟ್ಟರೂ ಸರಿ ಕೂರಲಿಲ್ಲ. ಕೊನೆಗೆ ಮುರಿಗೆಪ್ಪಣ್ಣನ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದು ಇದು: "ನಮ್ಮ ಸಂಘದಾಗ ಹೊಸಾ ನಿಯಮ ಬಂದೇತ್ರಿ. ಮ್ಯಾಲ ಭಾರ ಸ್ವಲ್ಪ ಕಡಿಮಿ ಇಡಬೇಕಾಗತೈತಿ."

ತಪ್ಪು ಮುಚ್ಚಿಡಲು ಸಂಘದ ಹೆಸರನ್ನು ನಾನು ಚೀಲದ ಹಾಗೆ ಬಳಸಿಕೊಂಡದ್ದು ಅದೊಂದು ಸಲ. ಈಗಲೂ ಬರೆಯಲು ನಾಚಿಕೆಯಾಗುತ್ತದೆ.

ಮುರಿಗೆಪ್ಪಣ್ಣ ನಕ್ಕ. "ಸಾಹೇಬ್ರ, ನೀವು ಸ್ಲ್ಯಾಬ್ ಹಾಕಿದ ದಿನಾ ಛತ್ರಿ ಹಿಡ್ಕೊಂಡ ನಿಂತಿದ್ರಿ. ಮೋಡ ಇರಲಿಲ್ಲ ಏನಿಲ್ಲ. ನಿಮ್ಮ ಅಂಜಿಕಿ ನಮಗ ಗೊತ್ತೈತ್ರಿ. ಚಹಾ ಕುಡೀರಿ." ಹೊರಗೆ ಬಂದಾಗ ಆರಿಸುವ ಹೆಂಗಸರ ಮೇಲ್ವಿಚಾರಣೆಯ ಗಂಗವ್ವ ಬಾಗಿಲಲ್ಲಿ ಎಲೆ ಅಡಿಕೆ ಹಾಕುತ್ತಿದ್ದಳು. "ಯಾಕ್ರೀ ಇಂಜಿನೇರ್ರ, ಮೂರು ಸಲ ಮ್ಯಾಲ ನೋಡಿದ್ರಿ? ಜೇಡ ಕಟ್ಟೇತೇನು?" ಅಂದಳು. ನಾನು ಹೌದೆಂದೆ.

ಸಂಜೆ ಮೇಡಂಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ನಿಯಮದ ಹೆಸರಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅರ್ಜಿ ವಾಪಸು ಪಡೆಯುತ್ತೇನೆ, ಬೇಕಾದರೆ ಸದಸ್ಯತ್ವವನ್ನೂ ಬಿಡುತ್ತೇನೆ ಅಂದೆ. ಆ ಕಡೆ ಕುಕ್ಕರ್ ಕೂಗಿತು. ಅವರು ಹೋಗಿ ಗ್ಯಾಸು ಆರಿಸಿ ಬಂದರು.

"ಅದೆಲ್ಲಾ ನಂತರ ನೋಡೋಣು. ಮೊದಲ ಆ ಹೆಣ್ಣಮಕ್ಕಳ ತಲಿ. ನಾಳಿ ಮೀರಜದ ಗಾಡಿಗೆ ಕೂಡತೀನಿ. ಸ್ಟೇಷನ್ನಿಗೆ ಬಾ."

ಬಂದರು. ಹತ್ತಿಯ ಸೀರೆ, ಕಾಲಲ್ಲಿ ಓಡುವವರ ಬೂಟು, ಹೆಗಲಲ್ಲಿ ಸಂಘದ್ದೇ ಚೀಲ. ಅವರ ಚೀಲದ ಜಿಪ್ಪು ಸರಿಯಿತ್ತು. ಇಡೀ ದಿನ ಗೋದಾಮಿನಲ್ಲಿ ತಿರುಗಿದರು, ತೊಲೆಗಳ ಹೊಟ್ಟೆಯನ್ನು ಟಾರ್ಚು ಹಾಕಿ ನೋಡಿದರು, ಒಂದು ಖಾಲಿ ಬಾಕ್ಸಿನ ರಟ್ಟು ಹರಿದು ಅದರ ಮೇಲೆ ನನ್ನ ಕೈಯಿಂದಲೇ ಲೆಕ್ಕ ಬರೆಸಿದರು. ಮೊದಲ ಪುಟದಿಂದ. ನಾನು ಒಂದು ಕಡೆ ತಡವರಿಸಿದಾಗ "ಅವಸರ ಮಾಡಬ್ಯಾಡ, ನನಗ ಸಂಜೀತನಾ ಗಾಡಿ ಇಲ್ಲ" ಅಂದರು. ಮಧ್ಯಾಹ್ನ ಗಂಗವ್ವನ ಬುತ್ತಿಯಿಂದ ಅರ್ಧ ರೊಟ್ಟಿ ಕೇಳಿ ತಿಂದರು. ಅವತ್ತಿನಿಂದ ಗಂಗವ್ವನಿಗೆ ಅವರು 'ಬಾಯಿಯಾರು', ಅಂದರೆ ಅಮ್ಮಾವರು.

ಕೊನೆಗೆ ಉತ್ತರ ಸಿಕ್ಕಿತು. ಆರು ಬಾಕ್ಸಿನ ಎತ್ತರ, ಅಂದರೆ ಎದೆಮಟ್ಟ, ಅಲ್ಲಿಯ ತನಕ ಅಪಾಯವಿಲ್ಲ. ಅದರ ಮೇಲೆ ಏರಿಸಬೇಕಾದರೆ ಕೆಳಗಿನ ಅಂಗಳದಲ್ಲಿ ಹೊಸ ಬುನಾದಿ ತೋಡಿ, ಉಕ್ಕಿನ ಕಂಬ ನಿಲ್ಲಿಸಿ, ನನ್ನ ತೊಲೆಗಳ ನಡುನಡುವೆ ಉಕ್ಕಿನ ತೊಲೆ ಕೊಡಬೇಕು. ನನ್ನ ಕಂಬವಿಲ್ಲದ ಅಂಗಳದ ಹೆಮ್ಮೆ ಅಲ್ಲಿಗೆ ಮುಗಿಯಿತು. ಮೇಡಂ ಕೆಮ್ಮಣ್ಣು ತರಿಸಿ ಮೇಲಿನ ಮಜಲಿನ ನಾಲ್ಕೂ ಗೋಡೆಗೆ ಎದೆಮಟ್ಟದಲ್ಲಿ ಗೆರೆ ಎಳೆಸಿದರು. ಮುರಿಗೆಪ್ಪಣ್ಣ ಪುಣೆಯ ಮೇಡಂ ಎಂದು ಗೌರವದಿಂದ ತಲೆಯಾಡಿಸಿದ. ನಿಯಮ ಎಂಬ ಮಾತನ್ನು ಅವನು ಎತ್ತಿದಾಗ ಮೇಡಂ ನನ್ನ ಕಡೆ ನೋಡಿದರು. ಮೀರಜದ ದಾರಿಯಲ್ಲಿ, ಕಾರಿನಲ್ಲಿ, ಅಂದರು: "ಅವಂಗ ಖರೇ ಹೇಳೋದು ನಿನ್ನ ಕೆಲಸ. ಅದನ್ನ ನಾ ಮಾಡಾಂಗಿಲ್ಲ."

ಹೇಳುತ್ತೇನೆ ಅಂದೆ. ದಿನಾ ಕಾಗವಾಡಕ್ಕೆ ಹೋದೆ. ದಿನಾ ಗೆರೆ ನೋಡಿದೆ, ಚಹಾ ಕುಡಿದೆ, ಹೇಳದೆ ಹೊಳ್ಳಿ ಬಂದೆ. ಸಾಂಗ್ಲಿಯಿಂದ ಉಕ್ಕು ಬರಲು ಎಂಟು ದಿನ ಬೇಕಿತ್ತು. ಅಷ್ಟರೊಳಗೆ ಏನಾಗುತ್ತದೆ ಅಂತ ಶೋಭಾನೂ ಅಂದಳು, ನಾನೂ ನನಗೆ ಹೇಳಿಕೊಂಡೆ. ಅವಳು ಸಮಾಧಾನಕ್ಕೆ ಅಂದದ್ದು. ನಾನು ಹೇಡಿತನಕ್ಕೆ.

ಐದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಮೀರಜದ ಕಡೆಯಿಂದ ಮೋಡ ಎದ್ದಿತು.

ದ್ರಾಕ್ಷಿ ಬೆಳೆಯದವರಿಗೆ ಇದು ತಿಳಿಯುವುದು ಕಷ್ಟ. ಉಳಿದ ಕಡೆ ಏಪ್ರಿಲ್ಲಿನ ಮಳೆಗೆ ಜನ ಮುಖ ಒಡ್ಡಿ ನಿಲ್ಲುತ್ತಾರೆ. ಇಲ್ಲಿ ಒಣಗಿದ ಮಣೂಕಕ್ಕೆ ಹನಿ ತಾಗಿದರೆ ಬಣ್ಣ ಕಪ್ಪಾಗುತ್ತದೆ, ವರ್ಷದ ದುಡಿಮೆ ದನದ ಮುಂದೆ ಹೋಗುತ್ತದೆ. ಅದಕ್ಕೇ ಈ ಸೀಮೆಯಲ್ಲೊಂದು ರೂಢಿಯಿದೆ. ಮೋಡ ಕಂಡಾಗ ಯಾವ ಸೂರು ಯಾರದು ಎಂದು ಕೇಳುವುದಿಲ್ಲ. ಗಟ್ಟಿ ಸೂರಿದ್ದವನು ಬಾಗಿಲು ತೆರೆದು ನಿಲ್ಲಬೇಕು. ಇಲ್ಲ ಅಂದವನನ್ನು ಊರು ಬಹಳ ದಿನ ನೆನಪಿಡುತ್ತದೆ.

ಅರ್ಧ ತಾಸಿನಲ್ಲಿ ಮುರಿಗೆಪ್ಪಣ್ಣನ ಗೋದಾಮಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ಬಾಕ್ಸುಗಳ ಮೇಲೆ ಹೊದಿಸಿದ ತಾಡಪತ್ರಿಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು. ಗಂಡಸರು ಕೈಯಿಂದ ಕೈಗೆ ಬಾಕ್ಸು ದಾಟಿಸುತ್ತ ಮೆಟ್ಟಿಲು ಏರಿಸುತ್ತಿದ್ದರು. ನಾನು ಮೇಲಿನ ಮಜಲಿನಲ್ಲಿ ನಿಂತು ಸಾಲು ಎಣಿಸುತ್ತಿದ್ದೆ. ನಾಲ್ಕು, ಐದು, ಆರು. ಎಲ್ಲ ಕಡೆ ಬಾಕ್ಸು ಕೆಮ್ಮಣ್ಣಿನ ಗೆರೆ ಮುಟ್ಟಿತು. ಕೆಳಗೆ ಬಾಕ್ಸು ಇಳಿಸದ ಟ್ರ್ಯಾಕ್ಟರುಗಳು ಇನ್ನೂ ನಾಲ್ಕಿದ್ದವು.

ಯಾರೋ ಏಳನೆಯ ಬಾಕ್ಸು ಇಟ್ಟರು. ನಾನು ತೆಗೆದು ಕೆಳಗಿಟ್ಟೆ. ಅವರು ಮತ್ತೆ ಇಟ್ಟರು.

"ಏ ಸಾಹೇಬ್ರ, ಸರೀರಿ ಅತ್ಲಾಗ. ಮಳಿ ಬಂತು."

"ಗೆರಿ ದಾಟಬ್ಯಾಡ್ರಿ."

"ಗೆರಿ ಏನ್ ಲಕ್ಷ್ಮಣ ಹಾಕ್ಯಾನೇನು?" ಯಾರೋ ಅಂದರು. ಎಲ್ಲರೂ ನಕ್ಕರು. ಕೈಗಳು ಮಾತ್ರ ನಿಲ್ಲಲಿಲ್ಲ. ಎಂಟನೆಯ ಸಾಲಿನ ಒಂದು ಬಾಕ್ಸು ಬಂದು ಕೂತಿತು.

ಮುರಿಗೆಪ್ಪಣ್ಣ ಏದುಸಿರು ಬಿಡುತ್ತ ಮೇಲೆ ಬಂದ. ಒಮ್ಮೆ ಕಿಟಕಿಯಾಚೆ ನೋಡಿದ, ಒಮ್ಮೆ ಗೆರೆ ನೋಡಿದ. "ಸಾಹೇಬ್ರ, ಒಂದ ತಾಸಿನ ಮಾತ್ರಿ ಇದು. ಇವರೆಲ್ಲಾ ನಮ್ಮ ಬಾಜೂಕಿನವರು. ಹೊಳ್ಳಿ ಹೋಗ್ರಿ ಅಂತ ನಾ ಹೆಂಗ ಹೇಳ್ಲಿ? ನಿಯಮಾ ಏನ ಇವತ್ತ ಒಂದ ದಿನಾ ಮುರದ್ರ ಸಂಘದವರ ಬಂದ ಜೈಲಿಗೆ ಹಾಕತಾರೇನು?"

ನಿಯಮ. ನಾನೇ ಕೊಟ್ಟ ಶಬ್ದ. ನಿಯಮವನ್ನು ಒಂದು ದಿನ ಮುರಿಯಬಹುದು, ಎಲ್ಲರೂ ಮುರಿಯುತ್ತಾರೆ, ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಕೆಳಗಿನಿಂದ ಹೆಂಗಸರ ಮಾತು, ನಗು ಕೇಳುತ್ತಿತ್ತು. ಮಳೆ ಬರುವುದರೊಳಗೆ ಆರಿಸಿದ್ದನ್ನು ತುಂಬಿ ಮುಗಿಸಬೇಕು ಅಂತ ಅವರದೂ ಅವಸರ. ನನ್ನ ಪಾದದ ಕೆಳಗೆ ಆರು ಅಂಗುಲ ಕಾಂಕ್ರೀಟು, ಅದರ ಕೆಳಗೆ ಅವರ ತಲೆ.

"ನಿಯಮಾ ಸುಳ್ಳ ಐತ್ರಿ," ಅಂದೆ. "ಯಾವ ನಿಯಮಾನೂ ಇಲ್ಲ. ನನ್ನ ಲೆಕ್ಕ ತಪ್ಪೇತಿ. ತಂಬಾಕಿನ ಭಾರ ಹಿಡದ ಮಣೂಕದ ಗೋದಾಮ ಕಟ್ಟೀನಿ. ತಪ್ಪು ನಂದು. ಇನ್ನೂ ಏರಿಸಿದ್ರ ಇದು ನಿಲ್ಲತೈತಿ ಅಂತ ನಾ ಹೇಳಾಕ ಆಗಂಗಿಲ್ಲ. ಕೆಳಗ ಹದಿನೆಂಟ ಮಂದಿ ಅದಾರ."

ಕೈಗಳು ನಿಂತವು. ಇಷ್ಟು ವರ್ಷ ನನ್ನ ಅಂಜಿಕೆಯನ್ನು ಯಾರೂ ನಂಬಿರಲಿಲ್ಲ. ನನ್ನ ತಪ್ಪನ್ನು ಎಲ್ಲರೂ ಒಂದೇ ಕ್ಷಣದಲ್ಲಿ ನಂಬಿದರು. ಎಂಟನೆಯ ಸಾಲಿನ ಬಾಕ್ಸು ಇಟ್ಟವನೇ ಅದನ್ನು ಮೆಲ್ಲಗೆ, ಮಲಗಿದ ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡ. ಮುರಿಗೆಪ್ಪಣ್ಣ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ.

ಅಷ್ಟರಲ್ಲಿ ಗಂಗವ್ವ ಮೆಟ್ಟಿಲ ಮೇಲೆ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಬೇಕಾದಷ್ಟು ಕೇಳಿಸಿಕೊಂಡಿದ್ದಳು.

"ಅವತ್ತ ನೋಡಿದ್ದು ಜೇಡ ಅಲ್ಲ ಹಂಗಾರ," ಅಂದಳು. ನಾನು ತಲೆ ತಗ್ಗಿಸಿದೆ. "ಇರ್ಲಿ. ಮ್ಯಾಲ ಬ್ಯಾಡಂದ್ರ ಕೆಳಗ ಇಡ್ರಲಾ. ನೆಲಾ ಏನ ಮುರೀತೈತೇನು? ನಾವ ಹೊರಗ ಬರತೀವಿ. ಶೆಡ್ಡೂ ಖಾಲಿ ಆಗ್ಯಾವ. ಏ ಪಾರಿ, ಕಸ್ತೂರಿ, ಟೇಬಲ್ ಎತ್ತರ್ಯೇ!"

ಭೂಮಿ ಎಷ್ಟು ಭಾರವನ್ನಾದರೂ ಹೊರುತ್ತದೆ. ಕೆಳಗಿನ ಮಜಲು ಖಾಲಿಯಾದರೆ ಮೇಲೆ ಏನಾದರೂ ಕೆಳಗೆ ತಲೆಗಳಿರುವುದಿಲ್ಲ. ಒಂದೇ ಮಾತಿನಲ್ಲಿ ಎರಡೂ ಬಗೆಹರಿದಿತ್ತು. ಡಿಗ್ರಿ ಪಡೆದು, ಸಂಘದ ಪಿನ್ನು ಚುಚ್ಚಿಕೊಂಡ ನನಗೆ ಐದು ದಿನದಲ್ಲಿ ಅದು ಹೊಳೆದಿರಲಿಲ್ಲ. ಹದಿನೆಂಟು ಹೆಂಗಸರು ಟೇಬಲ್ಲು, ಜರಡಿ, ತಕ್ಕಡಿಯನ್ನು ಹೊತ್ತು ಖಾಲಿ ಶೆಡ್ಡಿನ ಕೆಳಗೆ ಓಡಿದರು. ನಾಲ್ಕು ಟ್ರ್ಯಾಕ್ಟರಿನ ಬಾಕ್ಸುಗಳು ನೆಲದ ಮೇಲೆ ಸೂರು ಮುಟ್ಟುವ ತನಕ ಏರಿದವು. ನಾನೂ ಹೊತ್ತೆ. ಮೂರನೆಯ ಬಾಕ್ಸಿಗೆ ನಡ ಹಿಡಿಯಿತು. ಕೊನೆಯ ಬಾಕ್ಸು ಒಳಗೆ ಹೋಗುವುದಕ್ಕೂ ತಗಡಿನ ಮೇಲೆ ಮೊದಲ ಹನಿ ಬೀಳುವುದಕ್ಕೂ ಸರಿ ಹೋಯಿತು. ಶೆಡ್ಡಿನ ಬಲೆಗಳ ಸಂದಿಯಿಂದ ಸೋರುವ ನೀರಲ್ಲಿ ನೆನೆಯುತ್ತ ಹೆಂಗಸರು ನಗುತ್ತಿದ್ದರು. ನಾನು ಮಳೆಯಲ್ಲೇ ನಿಂತು ನನ್ನ ಕಟ್ಟಡ ನೋಡುತ್ತಿದ್ದೆ. ಅವತ್ತು ನನ್ನ ಹತ್ತಿರ ಛತ್ರಿ ಇರಲಿಲ್ಲ.

ಎರಡು ದಿನ ಮುರಿಗೆಪ್ಪಣ್ಣ ಫೋನು ಎತ್ತಲಿಲ್ಲ. ಮೂರನೆಯ ದಿನ ತಾನೇ ಮಾಡಿದ. "ಯಾವ ಇಂಜಿನೇರೂ ತನ್ನದ ತಪ್ಪ ಅಂದಿದ್ದ ನಾ ಇಲ್ಲೀತನಾ ಕೇಳಿಲ್ಲ. ಸಿಟ್ಟ ಇನ್ನೂ ಐತಿ, ಸುಳ್ಳ ಹೇಳಾಂಗಿಲ್ಲ. ಉಕ್ಕ ಯಾವಾಗ ಬರತೈತಿ?" ಅಂದ. ನೆರೆಯವರು ಬಿಸಿಲು ಬಿದ್ದ ಮೇಲೆ ತಮ್ಮ ಬಾಕ್ಸುಗಳನ್ನು ಒಯ್ದಿದ್ದರು. ಕೆಳಗಿನ ಅಂಗಳ ತೋಡಿ ಬುನಾದಿ ಹಾಕಿದೆವು, ಕಂಬ ನಿಲ್ಲಿಸಿದೆವು, ಉಕ್ಕಿನ ತೊಲೆ ಏರಿಸಿದೆವು. ಪ್ರತಿ ಸಂಜೆ ಫೋಟೋ ತೆಗೆದು ಮೇಡಂಗೆ ಕಳಿಸುತ್ತಿದ್ದೆ. ಒಂದೊಂದಕ್ಕೂ ಪ್ರಶ್ನೆ ಬರುತ್ತಿತ್ತು. ಸಂಘದ ಇನ್ನೂ ಇಬ್ಬರು, ಒಬ್ಬರು ಇಂದೂರಿನವರು, ಒಬ್ಬರು ಕೊಯಮತ್ತೂರಿನವರು, ನಾನು ಮುಖ ನೋಡದವರು, ಮೇಡಂ ಕೇಳಿಕೊಂಡರೆಂದು ಕೂತು ನನ್ನ ಹೊಸ ಲೆಕ್ಕವನ್ನು ಬೇರೆ ಬೇರೆಯಾಗಿ ಮೊದಲ ಪುಟದಿಂದ ಹಾಕಿ ನೋಡಿದರು. ಕೊಯಮತ್ತೂರಿನವರು ಒಂದು ಬೋಲ್ಟಿನ ಅಳತೆ ತಿದ್ದಿದರು. ಪುಣ್ಯಾತ್ಮರು, ಒಬ್ಬರೂ ನನ್ನನ್ನು ಹೀಗೆ ಯಾಕೆ ಮಾಡಿದಿ ಅಂತ ಕೇಳಲಿಲ್ಲ. ಮುಂದೆ ಏನು ಅಂತಷ್ಟೇ ಕೇಳಿದರು.

ಮೇ ತಿಂಗಳ ಕೊನೆಗೆ ಮೇಲಿನ ಮಜಲನ್ನು ಮೊದಲ ಸಲ ಸೂರಿನ ತನಕ ತುಂಬುವ ದಿನ ಬಂತು. ಮೇಡಂ ಹಿಂದಿನ ದಿನವೇ ಹೊರಟು ಬಂದಿದ್ದರು. ಅವರು ಯಾಕೆ ಬರಬೇಕಿತ್ತು ಅಂತ ಗೊತ್ತಿಲ್ಲ, ವರದಿಗೆ ಬೇಕಾದದ್ದೆಲ್ಲ ಅವರ ಹತ್ತಿರ ಇತ್ತು. ಬೆಳಿಗ್ಗೆ ಎಂಟಕ್ಕೆ ಮೇಲೆ ಬಾಕ್ಸು ಏರತೊಡಗಿದವು. ಕೆಳಗೆ ಅವತ್ತು ಯಾರೂ ಕೂರುವುದು ಬೇಡ ಅಂತ ಹೆಂಗಸರನ್ನು ಶೆಡ್ಡಿಗೆ ಕಳಿಸಿ, ನಾನೊಬ್ಬನೇ ಒಂದು ಗೋಣಿಚೀಲ ಹಾಸಿಕೊಂಡು ಅಂಗಳದ ನಟ್ಟನಡುವೆ ಕೂತೆ. ಯಾರೂ ಹೇಳಿರಲಿಲ್ಲ. ಅಲ್ಲೇ ಕೂರಬೇಕು ಅನಿಸಿತ್ತು. ಐದು ನಿಮಿಷಕ್ಕೆ ಮೇಡಂ ಬಂದು ಬೂಟು ಬಿಚ್ಚಿ ಪಕ್ಕದಲ್ಲಿ ಕೂತರು.

"ನೀವು ಹೊರಗ ಕೂಡ್ರಿ ಮೇಡಂ."

"ಯಾಕ, ಲೆಕ್ಕ ಮತ್ತ ತಪ್ಪೇತೇನು?"

ಇಲ್ಲ ಅಂದೆ. ಆ ಒಂದು ಶಬ್ದವನ್ನು ಅಷ್ಟು ನಿಶ್ಚಿಂತೆಯಿಂದ ನಾನು ಜೀವಮಾನದಲ್ಲಿ ಅಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗಂಗವ್ವ ಒಂದು ಬುಟ್ಟಿ ಮಣೂಕ ತಂದು ನಮ್ಮ ಮುಂದೆ ಸುರಿದು ತಾನೂ ಕೂತಳು. ಸುಮ್ಮನೆ ಕೂತವರನ್ನು ನೋಡಿ ಅವಳಿಗೆ ಅಭ್ಯಾಸವಿಲ್ಲವಂತೆ. ಮೇಲೆ ಧಪ್ ಧಪ್ ಎಂದು ಬಾಕ್ಸು ಕೂರುವ ಸದ್ದು. ನಾನು ತೊಟ್ಟು ಬಿಡಿಸಿದೆ. ನಾನು ಆರಿಸಿದ್ದರಲ್ಲಿ ಅರ್ಧವನ್ನು ಗಂಗವ್ವ ಮತ್ತೆ ಬುಟ್ಟಿಗೆ ತೂರಿದಳು. "ಇದಕ್ಕೇನ್ರಿ ಆರಿಸೋದು ಅಂತಾರ? ಅರ್ಧಾ ತೊಟ್ಟ ಇಲ್ಲೇ ಅದಾವ. ಕಣ್ಣ ಕೆಳಗ ಇಡ್ರಿ, ಮ್ಯಾಲಲ್ಲ."

ಮೇಡಂ ತೊಟ್ಟು ಬಿಡಿಸುತ್ತಲೇ, ಹವಾಮಾನದ ಸುದ್ದಿ ಹೇಳುವ ಹಾಗೆ, ತಮ್ಮ ಮೂವತ್ತನೆಯ ವಯಸ್ಸಿನ ಒಂದು ಕಥೆ ಹೇಳಿದರು. ಒಂದು ಸಭಾಗೃಹದ ಬಾಲ್ಕನಿಗೆ ಮೇಲೆ ಹಾಕಬೇಕಾದ ಸರಳನ್ನು ನಕ್ಷೆಯಲ್ಲಿ ಕೆಳಗೆ ಬರೆದಿದ್ದರಂತೆ, ಹಾಗೇ ಕಟ್ಟಿದ್ದರೆ ಬೀಳುವಂಥದ್ದು. ಕಾಂಕ್ರೀಟು ಸುರಿಯುವ ಹಿಂದಿನ ದಿನ ಸಂಘದ ಒಬ್ಬ ಮುದುಕರು ಅದನ್ನು ಕಂಡುಹಿಡಿದು, ಸರಳು ಬದಲಿಸುವ ತನಕ ಒಂದು ಡಬ್ಬಿಯ ಮೇಲೆ ಕೂತು ಕಾದಿದ್ದರಂತೆ. "ಬೈದ್ರೇನ್ರಿ?" ಗಂಗವ್ವ ಕೇಳಿದಳು. "ಇಲ್ಲವಾ. ಡಬ್ಬಿ ಮ್ಯಾಲ ಕೂತು ಶೇಂಗಾ ತಿಂದ್ರು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅರ್ಜಿ ವಾಪಸ್ ತಗೋಬ್ಯಾಡ. ಎರಡೂ ಲೆಕ್ಕ ಹಚ್ಚಿ ಕಳಸು. ತಪ್ಪಿದ್ದೂ, ತಿದ್ದಿದ್ದೂ. ಯಾರರೆ ಓದಿದ್ರ ಮೊದಲನೇ ಪುಟಾ ತಗದ ನೋಡ್ತಾರ."

ಹನ್ನೊಂದಾಯಿತು, ಹನ್ನೆರಡಾಯಿತು. ಹೊರಗೆ ಬಿಸಿಲು ಕುದಿಯುತ್ತಿತ್ತು. ಒಳಗೆ ಕಾಂಕ್ರೀಟಿನ ತಂಪು, ಮಣೂಕದ ಸಿಹಿ. ಹೆಂಗಸರು ಒಬ್ಬೊಬ್ಬರಾಗಿ ಬಂದು, ಬೇಡವೆಂದರೂ ಕೇಳದೆ, ಗೋಡೆಗುಂಟ ಕೂತು ಕೆಲಸ ಶುರು ಮಾಡಿದರು. ಮೇಲೆ ಒಂಬತ್ತನೆಯ ಸಾಲು ಆಯಿತೆಂದು ಯಾರೋ ಕೂಗಿದರು, ಆಮೇಲೆ ಹತ್ತನೆಯದು. ನಾನು ಏನೋ ಹೇಳಲು ಮೇಡಂ ಕಡೆ ತಿರುಗಿದೆ.

ಅವರು ಹೊಸ ಉಕ್ಕಿನ ಕಂಬಕ್ಕೆ ಬೆನ್ನು ಕೊಟ್ಟು ಮಲಗಿಬಿಟ್ಟಿದ್ದರು. ಹಿಂದಿನ ದಿನದ ಪ್ರಯಾಣ. ಬಾಯಿ ಸ್ವಲ್ಪ ತೆರೆದಿತ್ತು, ಮಡಿಲಲ್ಲಿ ಅರ್ಧ ಆರಿಸಿದ ಮಣೂಕ, ಕನ್ನಡಕ ಮೂಗಿನ ತುದಿಗೆ. ನಲವತ್ತೈದು ವರ್ಷ ತೊಲೆ, ಕಂಬಗಳನ್ನು ನಂಬದೆ ಪರೀಕ್ಷೆ ಮಾಡುತ್ತಲೇ ಬಂದ ಹೆಂಗಸು, ತಲೆಯ ಮೇಲೆ ಅಷ್ಟು ಭಾರ ಏರುತ್ತಿರುವಾಗ, ನಾನು ಹಾಕಿದ ಲೆಕ್ಕದ ಕೆಳಗೆ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಮೇಲೆ ಧಪ್ ಎಂದು ಇನ್ನೊಂದು ಬಾಕ್ಸು ಕೂತಿತು. ಗಂಗವ್ವ ಎದ್ದು ಮೆಟ್ಟಿಲ ತನಕ ಹೋದಳು. ಕತ್ತು ಮೇಲೆತ್ತಿ, ದನಿ ತಗ್ಗಿಸಿ ಗದರಿದಳು:

"ಏ, ಸಾವಕಾಶ ಇಡ್ರ್ಯೋ. ಬಾಯಿಯಾರ ಮಲಗ್ಯಾರ."